ಬಿಸಿಲಿಗೆ ಮುಂಚೆ ಒಂದು ಬಾಟಲಿ ನೀರು

ಭಾನುವಾರ ಬೆಳಗಿನ ಐದೂವರೆ. ಸರ್ಜಾಪುರ ರಸ್ತೆ ಅಷ್ಟು ಖಾಲಿ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ವೈಟ್‌ಫೀಲ್ಡ್ ಕಡೆ ಹೋಗುವ ಕಂಪನಿ ಕ್ಯಾಬುಗಳೂ ಕಾಣಲಿಲ್ಲ. “ದೊಡ್ಡಮ್ಮ, ಬೇಗ ಬಾ. ಬಿಸಿಲು ಬಂದರೆ ಲೆಕ್ಕ ಕೆಟ್ಟುಹೋಗುತ್ತೆ” ಎಂದು ತಂಗಿಯ ಮಗಳು ಕೈ ಹಿಡಿದು ಎಳೆಯುತ್ತಿದ್ದಳು.

ಅವಳ ವಿಜ್ಞಾನ ಕೂಟದ ಆಸ್ತಿ ಎಂದರೆ ಟೀಚರ್ ಮನೆಯ ತಾರಸಿಯಲ್ಲಿರುವ ಒಂದು ಸಿಮೆಂಟ್ ತೊಟ್ಟಿ. ಪುಟ್ಟ ಮೀನುಗಳು, ಬಸವನಹುಳುಗಳು, ಪಾಚಿಗೆ ಹಸಿರಾದ ನೀರು. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ತೊಟ್ಟಿಗೆ ಸುರಿಯುತ್ತಾರೆ. ಎಲ್ಲಕ್ಕೂ ಪಾಳಿ. ಆದರೂ ಹೋದ ತಿಂಗಳು ಒಂದು ಬೆಳಿಗ್ಗೆ ಐದು ಮೀನು ಸತ್ತು ತೇಲುತ್ತಿದ್ದವು. ಹಿಂದಿನ ಸಂಜೆ ಅಳೆದಾಗ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕವಿತ್ತು. ಮೀನು ಬದುಕುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೇಳುವುದೇ 4. ಹಾಗಾದರೆ ತಪ್ಪು ಯಾರದು? ಅಂದು ಪಾಳಿಯಲ್ಲಿದ್ದ ಆರನೇ ತರಗತಿ ಹುಡುಗನದು ಎಂದು ತೀರ್ಪಾಯಿತು. ಅವನು ಅತ್ತು, ಎರಡು ವಾರ ಇತ್ತ ಬರಲೇ ಇಲ್ಲವಂತೆ.

ಈಗ ಟಾರ್ಚ್ ಹಿಡಿದು ನಿಂತಿದ್ದವನು ಅವನೇ. ಬಾಟಲಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಉಳಿಯದಂತೆ ಮುಚ್ಚಿದರು. ಎರಡು ದ್ರಾವಣ ಬಿದ್ದೊಡನೆ ಕಂದು ಗಸಿ. ಆಮ್ಲಜನಕ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಅಂದು ತೀರಾ ತೆಳುವಾಗಿತ್ತು. ಆಮ್ಲ ಹಾಕುವುದು ಟೀಚರ್ ಕೆಲಸ, ಮಕ್ಕಳು ಮುಟ್ಟುವಂತಿಲ್ಲ. ಆಮೇಲೆ ನೀರಿನ ಬಣ್ಣ ಪೂರ್ತಿ ಮಾಯವಾಗುವವರೆಗೆ ಇನ್ನೊಂದು ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಟ್ಟು ಎಣಿಸಬೇಕು. ಹುಡುಗ ಎಣಿಸಿದ. ಲೆಕ್ಕ ಬಂದದ್ದು ಬರೀ 2.5!

ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ಕತ್ತಲಾದರೆ ಅದೂ ಮೀನಿನ ಹಾಗೆ ಆಮ್ಲಜನಕ ಎಳೆದುಕೊಳ್ಳುತ್ತದೆ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, 25 ಡಿಗ್ರಿ ನೀರಿಗೆ ಗಾಳಿಯಿಂದ ಕರಗುವುದೇ ಸುಮಾರು 7.5 ಮಿಲಿಗ್ರಾಂ. ಸಂಜೆಯ 9 ಎಂಬುದು ಪಾಚಿ ಕೊಟ್ಟ ಕೈಸಾಲ. ಬೆಳಗಾಗುವುದರೊಳಗೆ ಅದೇ ವಾಪಸು ಪಡೆದಿತ್ತು. ಯಾರೂ ಹುಡುಗನ ಕ್ಷಮೆ ಕೇಳಲಿಲ್ಲ. ಆದರೆ ನಮ್ಮ ಹುಡುಗಿ ತನ್ನ ಬಿಸ್ಕತ್ತಿನ ಪೊಟ್ಟಣವನ್ನೇ ಅವನ ಕೈಗಿಟ್ಟಳು.

ಅಲ್ಲಿಂದ ಕೈಕೊಂಡ್ರಹಳ್ಳಿ ಕೆರೆಗೆ ನಡೆದೆವು. ಊರವರೂ ಹೊಸದಾಗಿ ಬಂದ ಅಪಾರ್ಟ್‌ಮೆಂಟಿನವರೂ ಸೇರಿ ಉಳಿಸಿಕೊಂಡ ಕೆರೆ ಇದು. ಆದರೂ 2016ರ ಜನವರಿಯಲ್ಲಿ ಇಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದವು. ಕೆರೆಗೆ ಕೊಳಚೆ ಸೇರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೂ ಆಮ್ಲಜನಕಕ್ಕೆ ಪಾಲುದಾರರಾಗುತ್ತವೆ. ತೊಟ್ಟಿಯಲ್ಲಾದರೆ ಅರ್ಧ ನೀರು ಬದಲಿಸಬಹುದು. ಕೆರೆಯಲ್ಲಿ?

ದಡದಿಂದ ದೂರ ನಿಂತೇ ನೋಡಿದೆವು. ಹೆಜ್ಜಾರ್ಲೆಯೊಂದು ತೇಲುತ್ತಿತ್ತು. ನೀರಿನ ಮೇಲೆ ಅಲ್ಲಲ್ಲಿ ಸಣ್ಣ ಉಂಗುರಗಳು.

“ಮೀನು ಬಾಯಿ ಬಿಡ್ತಿದಾವಾ, ಆಟ ಆಡ್ತಿದಾವಾ?” ಎಂದೆ.

ಹುಡುಗ ಉತ್ತರ ಹೇಳಲಿಲ್ಲ. ನೋಟ್‌ಬುಕ್ ತೆರೆದು ಮೊದಲು ಗಂಟೆ ಬರೆದುಕೊಂಡ: 6.25.