ಕೀಞ್ಞು ಪಾಞ್ಞು

ಮಲಯಾಳ ಬಲ್ಲೆ ಎನ್ನುವವರನ್ನೂ ಗಳಿಗೆಹೊತ್ತು ತಬ್ಬಿಬ್ಬು ಮಾಡುವ ಮಲಯಾಳವೊಂದಿದೆ. ಅದು ಕಾಸರಗೋಡಿನದು. ಅದಕ್ಕೆ ಕಿವಿಗೊಟ್ಟು ಕೂರುವುದು ನನ್ನ ಅತಿ ಪ್ರೀತಿಯ ಚಟ.

ಬಸ್ಸು ಚಂದ್ರಗಿರಿ ಸೇತುವೆ ದಾಟಿ ಕಾಞಂಗಾಡಿನ ಕಡೆ ಹೊರಟರೆ ಸಾಕು, ಹಿಂದಿನ ಸೀಟಿನಿಂದ ‘ಕೀಯಾನುಂಡ್!’ ಎಂಬ ಕೂಗು ಬರುತ್ತದೆ. ಇಳಿಯೋರಿದ್ದಾರೆ ಅಂತ. ತೆಂಕಣ ಕೇರಳದವರು ಬಸ್ಸಿನಿಂದ ‘ಇರಂಙು’ತ್ತಾರೆ, ಇವರು ‘ಕೀಯು’ತ್ತಾರೆ. ಇಳಿದವನು ಓಟ ಕಿತ್ತರೆ ‘ಕೀಞ್ಞು ಪಾಞ್ಞು’. ಎರಡೇ ಮಾತಿಗೆ ಆಸಾಮಿ ಮೆಟ್ಟಿಲಿಳಿದು ಕಣ್ಮರೆ! ಈ ಪಾಯುವಿಕೆ ನಮಗೇನು ಹೊಸತಲ್ಲ. ಹಳಗನ್ನಡದ ‘ಪಾಯ್’, ಈಗಿನ ‘ಹಾಯು’ ಎಲ್ಲ ಒಂದೇ ಬಳ್ಳಿಯವು.

ವಕಾರ ಬಕಾರವಾಗುವ ಸೊಗಸನ್ನಂತೂ ಕೇಳಿಯೇ ತಿಳಿಯಬೇಕು. ಪುಸ್ತಕದ ‘ವೇಗಂ ವಾ’ ಇಲ್ಲಿ ‘ಬೇಂ ಬಾ’. ಕನ್ನಡಿಗನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನೀರು ‘ವೆಳ್ಳಂ’ ಅಲ್ಲ, ‘ಬೆಳ್ಳಂ’. ಹಸಿವಿಗೆ ಉಳಿದವರು ‘ವಿಶಪ್ಪ್’ ಅಂದರೆ ಇವರು ‘ಪೈಪ್ಪ್’ ಅನ್ನುತ್ತಾರೆ. ನಮ್ಮ ಹಳೆಯ ‘ಪಸಿವು’ ಇದರ ಒಡಹುಟ್ಟು.

ನಗೆಯ ಗಣಿ ಎಂದರೆ ‘ಚಾಡುವುದು’. ಕೇರಳದ ಹೆಚ್ಚಿನ ಕಡೆ ಚಾಡುವುದೆಂದರೆ ಜಿಗಿಯುವುದು, ಕಾಸರಗೋಡಿನಲ್ಲಿ ಎಸೆಯುವುದು. ಅಜ್ಜಿಯೊಬ್ಬಳು ಹರಿದ ಚಪ್ಪಲಿಯನ್ನು ‘ಚಾಡಿ’ದೆ ಎಂದರೆ, ತಿರುವನಂತಪುರದಿಂದ ಬಂದ ಮಾಸ್ತರರು ಚಪ್ಪಲಿ ಎಲ್ಲಿಗೆ ಜಿಗಿಯಿತೆಂದು ಹುಡುಕಬೇಕು! ಪಕ್ಕದಲ್ಲೇ ಕೂತ ಕನ್ನಡದವನಿಗೆ, ಅಜ್ಜಿ ಯಾರ ಮೇಲೆ ಚಾಡಿ ಹೇಳುತ್ತಿದ್ದಾಳೆಂಬ ಕುತೂಹಲ. (ಕಾಸರಗೋಡಿನದು ಒಂದೇ ಮಲಯಾಳವೆಂದು ತಿಳಿಯಬೇಡಿ. ಮಾಪಿಳ್ಳೆ ಮುಸ್ಲಿಮರ ಮಾತಿನ ಬೆಡಗು ಬೇರೆ, ಅದಕ್ಕೆ ಇನ್ನೊಂದು ಪ್ರಬಂಧವೇ ಬೇಕು.)

ತ್ರಿಶ್ಶೂರಿನ ಮಾತು ಬಹಳ ಹಿಂದೆಯೇ ಸಿನಿಮಾ ತೆರೆಯ ಮೇಲೆ ಹೆಸರು ಮಾಡಿತು, ಕಾಸರಗೋಡಿನ ಮಾತಿನ ಸರದಿ ತಡವಾಗಿ ಬಂತು. ಕನ್ನಡದಲ್ಲಿ ‘ಕಥೆಯೊಂದು ಶುರುವಾಗಿದೆ’ ಮಾಡಿದ ಸೆನ್ನಾ ಹೆಗ್ಡೆಯವರೇ 2021ರಲ್ಲಿ ತಮ್ಮ ಕಾಞಂಗಾಡಿನ ನುಡಿಯಲ್ಲಿ ‘ತಿಂಗಳಾಳ್ಚ ನಿಶ್ಚಯಂ’ ತಂದರು. ನಿಶ್ಚಿತಾರ್ಥದ ಮನೆಯ ಗದ್ದಲವೆಲ್ಲ ಅದರಲ್ಲಿ ಹಸಿಹಸಿಯಾಗಿದೆ. ಮರುವರ್ಷ ‘ನ್ನಾ ತಾನ್ ಕೇಸ್ ಕೊಡ್’ ಬಂತು. ‘ಹಾಗಾದರೆ’ ಎಂಬರ್ಥದ ‘ಎನ್ನಾ’ದ ಎಕಾರವನ್ನು ಹೆಸರಲ್ಲೇ ನುಂಗಿಕೊಂಡ ಚಿತ್ರ. ಅದರ ಮ್ಯಾಜಿಸ್ಟ್ರೇಟ್ ಪಾತ್ರ ಮಾಡಿದ ಪಿ.ಪಿ. ಕುಞಿಕೃಷ್ಣನ್ ಅದೇ ಸೀಮೆಯವರು, ಮಾಸ್ತರಿಕೆ ಮಾಡಿದವರು. ಕೋರ್ಟಿನ ಗಾಂಭೀರ್ಯ ಬಿಡದೆ, ಊರ ರಾಗವನ್ನೂ ಬಿಡದೆ ಅವರು ಆಡುವ ಮಾತಿಗೆ ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದೇನೆ.

1956ರವರೆಗೆ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಗಡಿ ಬದಲಾಯಿತು, ಈ ಎರಡು ನುಡಿಗಳ ನೆರೆಹೊರೆ ಹಾಗೇ ಉಳಿಯಿತು. ಆ ದಾರಿಯಲ್ಲಿ ಹೋಗುವಾಗ ಇಯರ್‌ಫೋನ್ ಚೀಲಕ್ಕೆ ಹಾಕಿ, ಹಿಂದಿನ ಸೀಟಿಗೆ ಕಿವಿಗೊಡಿ. ಎಲ್ಲವೂ ತಿಳಿಯಲಿಲ್ಲವೆಂದು ‘ಬೇಜಾರಾವಂಡ’.