ಹೊಗೆ ಆರಿದ ಮೇಲೆ ಕ್ಯಾಮರಾ ಎಲ್ಲಿರುತ್ತದೆ?

ಕ್ಯಾತ್ಸಂದ್ರದವರಾದ ನಮಗೆ ಬೆಂಗಳೂರು ದೂರದ ಊರಲ್ಲ. ಹೆದ್ದಾರಿಗೆ ಬಂದು ನಿಂತರೆ ಬಸ್ಸು ಸಿಗುತ್ತದೆ. ಆದರೂ ನಮ್ಮಲ್ಲಿ ಬಹಳ ಮಂದಿಗೆ ಅಲ್ಲಿನ ಎಷ್ಟೋ ಬಡಾವಣೆಗಳ ಪರಿಚಯ ಆಗಿರುವುದು ಟಿವಿಯಿಂದಲೇ. ಅದೂ ಅಲ್ಲಿ ಬೆಂಕಿ ಬಿದ್ದ ದಿನ.

2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಗಲಭೆ ನಡೆದ ಮೇಲೆ ವಾಹಿನಿಯೊಂದು ವಿಶೇಷ ಸಾಕ್ಷ್ಯಚಿತ್ರ ಎಂಬ ಹೆಸರಿನಲ್ಲಿ ಕಾರ್ಯಕ್ರಮ ಬಿತ್ತರಿಸಿತು. ನನ್ನ ತಂಗಿಯ ಮಗ ಆ ಕಡೆಯ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ಮಾರನೆಯ ದಿನ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಪರಿಚಯದ ಹಿರಿಯರೊಬ್ಬರು, "ಏನ್ ಸಾಬ್ರೇ, ನಿಮ್ ಹುಡುಗ ಅದೇ ಜಾಗದಲ್ಲಿ ಇರೋದಾ? ಕರೆಸಿಕೊಂಡ್ಬಿಡಿ" ಎಂದರು. ಅವರ ಮಾತಿನಲ್ಲಿದ್ದದ್ದು ಕಾಳಜಿಯೇ. ಆದರೆ ಕೆಲವು ತಿಂಗಳ ನಂತರ ಹುಡುಗ ಬೇರೆ ಬಡಾವಣೆಯಲ್ಲಿ ಬಾಡಿಗೆ ಕೋಣೆ ಹುಡುಕಿದಾಗ, ಮನೆಯ ಮಾಲೀಕರು ಹಳೆಯ ವಿಳಾಸ ಕೇಳಿದ ಮೇಲೆ ಮುಂಗಡ ಹಿಂದಿರುಗಿಸಿದರು. ಆ ಬಡಾವಣೆಯ ಹೆಸರೇ ಅವನ ನಡತೆಯ ಪ್ರಮಾಣಪತ್ರವಾಗಿತ್ತು.

ಆ ರಾತ್ರಿ ನಡೆದದ್ದು ಅಪರಾಧ. ಫೇಸ್‌ಬುಕ್ಕಿನ ಒಂದು ಅವಹೇಳನಕಾರಿ ಬರಹಕ್ಕಾಗಿ ಶಾಸಕರ ಮನೆ ಸುಡುವುದನ್ನು, ಪೊಲೀಸ್ ಠಾಣೆಗೆ ಬೆಂಕಿ ಇಡುವುದನ್ನು ಯಾವ ಧರ್ಮವೂ ಒಪ್ಪದು. ಆದರೆ ಕಾರ್ಯಕ್ರಮ ತೋರಿಸಿದ್ದು ಅಷ್ಟನ್ನೇ: ಜ್ವಾಲೆ, ಗುಂಪು, ಮುಖಗಳ ಸುತ್ತ ಕೆಂಪು ವೃತ್ತ, ಹಿನ್ನೆಲೆಯಲ್ಲಿ ಎದೆ ನಡುಗಿಸುವ ಸಂಗೀತ. ಆ ಶಾಸಕರ ಪಕ್ಷದವರೇ ಆದ ಮಾಜಿ ಮೇಯರ್ ಒಬ್ಬರು ಆರೋಪಿಯಾಗಿ ಅದೇ ವರ್ಷದ ನವೆಂಬರಿನಲ್ಲಿ ಬಂಧಿತರಾದರು. ಪಾಲಿಕೆಯ ಅವಧಿ ಗಲಭೆಯ ಮರುತಿಂಗಳೇ ಮುಗಿಯಿತು. 2023ರ ಚುನಾವಣೆಯಲ್ಲಿ ಶಾಸಕರಿಗೆ ಪಕ್ಷದ ಟಿಕೆಟ್ ಸಿಗಲಿಲ್ಲ. ಇವುಗಳ ನಡುವೆ ಸಂಬಂಧವಿತ್ತೋ ಇಲ್ಲವೋ ಎಂದು ಮತ್ತೆ ಆ ಓಣಿಗಳಿಗೆ ಹೋಗಿ ಕೇಳಿದ ಕಾರ್ಯಕ್ರಮವನ್ನು ನಾನಂತೂ ನೋಡಲಿಲ್ಲ.

ಟಿವಿಯೇ ಗಲಭೆಗೆ ನೆಪವಾದದ್ದನ್ನೂ ಬೆಂಗಳೂರು ಕಂಡಿದೆ. 1994ರ ಅಕ್ಟೋಬರ್ 2ರಂದು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭಿಸಿತು. ಕೆಲವೇ ದಿನಗಳಲ್ಲಿ ವಿರೋಧ ಹಿಂಸೆಗೆ ತಿರುಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ವಾರ್ತೆ ನಿಂತಿತು. ಆಗ ವಿಧಾನಸಭಾ ಚುನಾವಣೆ ಹತ್ತಿರದಲ್ಲೇ ಇತ್ತು. ನಮ್ಮ ನೆನಪಿನಲ್ಲಿ ಉಳಿದಿರುವುದು ಭಾಷೆಯ ಜಗಳ ಮಾತ್ರ, ಚುನಾವಣೆಯ ಲೆಕ್ಕವಲ್ಲ.

ಬೇರೆ ರೀತಿಯಲ್ಲಿ ತೋರಿಸುವುದು ಸಾಧ್ಯವೇ? ಬೆಂಗಳೂರಿನ ದೀಪಾ ಧನರಾಜ್ 1986ರಲ್ಲೇ ಅದನ್ನು ಮಾಡಿ ತೋರಿಸಿದ್ದಾರೆ. 1984ರ ಹೈದರಾಬಾದ್ ಗಲಭೆಗಳ ಬಗ್ಗೆ ಅವರು ಮಾಡಿದ ಸಾಕ್ಷ್ಯಚಿತ್ರದ ಹೆಸರು 'ಕ್ಯಾ ಹುವಾ ಇಸ್ ಶಹರ್ ಕೋ?', ಅಂದರೆ ಈ ನಗರಕ್ಕೆ ಏನಾಯಿತು? ಅಲ್ಲಿ ಮೆರವಣಿಗೆಯೂ ಇದೆ, ಎರಡೂ ಕಡೆಯ ನಾಯಕರ ರಾಜಕಾರಣವೂ ಇದೆ. ಆದರೆ ಕ್ಯಾಮರಾ ಅಲ್ಲಿಗೇ ನಿಲ್ಲದೆ, ಕರ್ಫ್ಯೂವಿನಲ್ಲಿ ದಿನಗೂಲಿ ಕಳೆದುಕೊಂಡವರ ಮನೆಯೊಳಗೂ ಹೋಗುತ್ತದೆ. ಗಲಭೆಯಿಂದ ಯಾರು ಬೆಳೆದರು, ಯಾರ ಒಲೆ ಆರಿತು ಎಂಬುದು ಒಂದೇ ಚಿತ್ರದಲ್ಲಿ ಕಾಣುತ್ತದೆ.

ಈ ಮಾತು ನಮಗೂ ಸಲ್ಲುತ್ತದೆ. ಡಿ.ಜೆ. ಹಳ್ಳಿಯಲ್ಲಿ ಮುಸ್ಲಿಂ ಯುವಕರು ಕೈ ಕೈ ಹಿಡಿದು ದೇವಸ್ಥಾನಕ್ಕೆ ಕಾವಲು ನಿಂತ ದೃಶ್ಯ ನಮ್ಮ ಮೊಬೈಲುಗಳಲ್ಲಿ ಬಹಳ ಓಡಾಡಿತು. ಅದು ಸತ್ಯವೇ, ಹೆಮ್ಮೆಯದೇ. ಆದರೆ ಅದನ್ನೊಂದೇ ಹಂಚಿ, ಸುಟ್ಟ ಮನೆಯ ಮಾತು ಎತ್ತದಿದ್ದರೆ ನಾವೂ ಆ ವಾಹಿನಿಯ ಕೆಲಸವನ್ನೇ ಮಾಡಿದಂತೆ. ಮುಂದಿನ ಸಲ ಇಂಥ ಕಾರ್ಯಕ್ರಮ ನೋಡುವಾಗ, ಆ ರಾತ್ರಿಗೆ ಮುಂಚಿನ ಆರು ತಿಂಗಳು ಮತ್ತು ಆಮೇಲಿನ ಆರು ತಿಂಗಳು ಇದರಲ್ಲಿ ಎಲ್ಲಿವೆ ಎಂದು ಮನೆಯ ಮಕ್ಕಳ ಎದುರಿಗೇ ಕೇಳೋಣ. ಬಾಡಿಗೆ ಮನೆಯ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬುದು ಕೊನೆಗೆ ನಿಂತಿರುವುದು ಇಂಥ ಪ್ರಶ್ನೆಗಳ ಮೇಲೆಯೇ.