ಗೋಡೆಯ ವಿರುದ್ಧ ಏಣಿ

ಮೊನ್ನೆ ರಾತ್ರಿ ಊಟ ಮುಗಿಸಿ ಕೂತಿದ್ದೆ. ಮಗಳು ಇಂಗ್ಲಿಷ್ ವರ್ಕ್‌ಬುಕ್ ಹಿಡ್ಕೊಂಡು ಬಂದಳು. ಆರನೇ ಕ್ಲಾಸು. 'ಅಗೇನ್ಸ್ಟ್' ಬರುವ ಹತ್ತು ನುಡಿಗಟ್ಟುಗಳಿಗೆ ಅರ್ಥ ಬರೆದು ತರಬೇಕಂತೆ.

"ಅಪ್ಪಾ, ಅಗೇನ್ಸ್ಟ್ ಅಂದ್ರೆ ವಿರುದ್ಧ ತಾನೇ? ಹಾಗಾದ್ರೆ ಲೀನಿಂಗ್ ಅಗೇನ್ಸ್ಟ್ ದಿ ವಾಲ್ ಅಂದ್ರೆ ಗೋಡೆ ಜೊತೆ ಜಗಳಾನಾ?"

ನಕ್ಕುಬಿಟ್ಟೆ. ಅವಳಿಗೆ ಸಿಟ್ಟು ಬಂತು. ನಾನು ನಕ್ಕಿದ್ದು ಅವಳಿಗಲ್ಲ, ನನಗೇ. ಹೊಸನಗರ ತಾಲ್ಲೂಕಿನ ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ನಾನೂ ಒಮ್ಮೆ "ಗೋಡೆಯ ವಿರುದ್ಧ ಏಣಿ ಇತ್ತು" ಅಂತ ಅನುವಾದ ಮಾಡಿದ್ದೆ. ಮೇಷ್ಟ್ರು ಅದನ್ನ ಇಡೀ ಕ್ಲಾಸಿಗೆ ಓದಿ, "ಏನಾ, ನಿಮ್ಮನೆ ಏಣಿ ಗೋಡೆ ಮೇಲೆ ಕೇಸು ಹಾಕಿದ್ಯನಾ?" ಅಂದಿದ್ದರು. ಆಮೇಲೆ ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ನನ್ನ ಹೆಸರು 'ಏಣಿ'. ಏನ್ಮಾಡೋದು, ಅಗೇನ್ಸ್ಟ್ ಅಂದ್ರೆ ವಿರುದ್ಧ ಅಂತ ಬಾಯಿಪಾಠ ಮಾಡಿಸಿದ್ದು ಅವರೇ!

ಮಗಳ ಪಟ್ಟಿ ನೋಡ್ತಾ ಹೋದೆ. 'ಅಗೇನ್ಸ್ಟ್ ದಿ ಗ್ರೇನ್'. ಇದು ಸುಲಭ. ಮರದ ನಾರು ಹೋಗೋ ದಿಕ್ಕಿಗೆ ಎದುರಾಗಿ ಕೀಸುಳಿ ಹೊಡೆದ್ರೆ ಸಿಬರು ಏಳುತ್ತೆ, ಸ್ವಭಾವಕ್ಕೆ ಒಗ್ಗದ್ದನ್ನು ಮಾಡಿದರೂ ಹಾಗೇ. 'ಅಗೇನ್ಸ್ಟ್ ದಿ ಕರೆಂಟ್'. ಇದಕ್ಕೆ ನಮ್ಮ ಕಡೆ ಮೀನೇ ಇದೆ. ಮುಂಗಾರಿನ ಮೊದಲ ನೆರೆ ಬಂದಾಗ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ನೀರಿಗೆ ಎದುರಾಗಿ ಏರಿ ಬರುವ ಮೀನು. ಅದಕ್ಕೆ ನಾವು 'ಹತ್ತುಮೀನು' ಅಂತೀವಿ. ಇಂಗ್ಲಿಷಿನವರಿಗೆ ಅದು ಪ್ರವಾಹದ ವಿರುದ್ಧದ ಹೋರಾಟ. ನಮಗೆ ಅದು ಬರೀ ಹತ್ತೋದು, ಮೆಟ್ಟಿಲು ಹತ್ತಿದ ಹಾಗೆ.

ಮಜಾ ಬಂದಿದ್ದು 'ಸೇವಿಂಗ್ ಅಗೇನ್ಸ್ಟ್ ಎ ರೇನಿ ಡೇ'ಗೆ. ಕಷ್ಟಕಾಲಕ್ಕೆ ಕೂಡಿಡೋದು ಅಂತ ಅರ್ಥ. ಪಾಪ, ಅವರಿಗೆ ಮಳೆ ಅಂದ್ರೆ ಒಂದು ದಿನ! ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮೂರಲ್ಲಿ ಅಷ್ಟಿಲ್ಲದಿದ್ದರೂ ನಾಲ್ಕು ತಿಂಗಳು ಬಟ್ಟೆ ಒಣಗಲ್ಲ. ಅದಕ್ಕೇ ಅಮ್ಮ ಏಪ್ರಿಲ್-ಮೇಯಲ್ಲೇ ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಅಂತ ಶುರುಮಾಡ್ತಿದ್ದಳು. ಅಪ್ಪಯ್ಯ ಕೊಟ್ಟಿಗೆ ಪಕ್ಕ ಸೌದೆ ಒಟ್ಟುತ್ತಿದ್ದರು. ಯಾಕೆ ಅಂತ ಕೇಳಿದ್ರೆ "ಮಳೆಗಾಲಕ್ಕೆ" ಅನ್ನೋರು. ಮಳೆಗಾಲದ ವಿರುದ್ಧ ಅಂತ ಯಾರೂ ಹೇಳಿದ್ದು ಕೇಳಿಲ್ಲ.

ಗಮನಿಸಿ ನೋಡಿ. ಚಳಿಗೆ ಕಂಬಳಿ, ಮಳೆಗೆ ಕೊಪ್ಪೆ, ಜ್ವರಕ್ಕೆ ಕಷಾಯ. ಇಂಗ್ಲಿಷಿನಲ್ಲಿ ಅಗೇನ್ಸ್ಟ್ ಬರೋ ಕಡೆ ನಮ್ಮಲ್ಲಿ 'ಗೆ' ಬಂದು ಕೂತಿದೆ. ಮಗುವಿಗೆ ಹಾಲು ಅಂದಷ್ಟೇ ಸಲೀಸಾಗಿ ಚಳಿಗೆ ಕಂಬಳಿ ಅಂತೀವಿ.

ಕೊಳೆಗೆ ಔಷಧಿ ಅನ್ನೋದೂ ಹಾಗೇ. ಅಡಿಕೆ ತೋಟ ಇದ್ದವರಿಗೆ ಕೊಳೆರೋಗ ಅಂದ್ರೆ ಏನು ಅಂತ ವಿವರಿಸಬೇಕಾಗಿಲ್ಲ. ಮಳೆ ಹಿಡಿದು ಕೂತರೆ ಎಳೇ ಕಾಯಿ ಕೊಳೆತು ಪಟಪಟ ಉದುರುತ್ತೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕೂಲಂಕಷವಾಗಿ ಅಭ್ಯಾಸ ಮಾಡಿ, ಬೋರ್ಡೋ ದ್ರಾವಣ ಹೊಡೆಯೋದನ್ನು ರೂಢಿಗೆ ತಂದವರು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಅವರ ವರದಿಯ ಇಂಗ್ಲಿಷಿನಲ್ಲಿ ಅದು ರೋಗದ ವಿರುದ್ಧದ ಕ್ರಮ ಇರಬಹುದು. ನಮ್ಮ ಕೊನೆಗಾರನಿಗೆ ಮಾತ್ರ ಅದು ಇವತ್ತಿಗೂ 'ಕೊಳೆಗೆ ಔಷಧಿ'.

ನಾನು ಸಾಗರದಲ್ಲಿ ಡಿಗ್ರಿ ಓದುವಾಗ ಒಂದು ಸಲ ಅಪ್ಪಯ್ಯನ ಸೊಸೈಟಿ ಕಾಗದ ಕಣ್ಣಿಗೆ ಬಿತ್ತು. ಕಾಲೇಜಿನ ಹಾಸ್ಟೆಲ್ ಫೀಸು ಕಟ್ಟಲು ಮುಂಗಡ ತಗೊಂಡಿದ್ದರು. ಅದರ ಮೇಲೆ ಇಂಗ್ಲಿಷಲ್ಲಿ 'ಅಗೇನ್ಸ್ಟ್ ಅರೆಕಾನಟ್' ಅಂತಿತ್ತು. ಅಡಿಕೆ ಮೇಲೆ ಸಾಲ. ಅಂದ್ರೆ ಏಣಿ ಗೋಡೆಗೆ ಒರಗಿದ ಹಾಗೆ ಸಾಲ ಅಡಿಕೆಗೆ ಒರಗಿಕೊಂಡಿತ್ತು, ನಾನು ಸಾಲಕ್ಕೆ ಒರಗಿಕೊಂಡಿದ್ದೆ. ವಿರುದ್ಧ ಅನ್ನೋ ಪದದೊಳಗೆ ಇಷ್ಟೊಂದು ಆಸರೆ ಇರುತ್ತೆ ಅಂತ ಅವತ್ತು ಗೊತ್ತಾಯ್ತು.

ಹಾಗಂತ ನಮ್ಮಲ್ಲಿ ವಿರೋಧ ಇಲ್ಲ ಅಂತಲ್ಲ. ಈ ಮೂರು ತಾಲ್ಲೂಕಿನ ಮಣ್ಣೇ ಅಂಥದ್ದು. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಭತ್ತ ಅಳೆಯೋ ಕೊಳಗದ ಅಳತೆಯೇ ಜಗಳದ ಮೂಲ. ಲೋಹಿಯಾ ಬಂದರು, ಬಂಧನವಾಯ್ತು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ತಾಲ್ಲೂಕು ಆರಗದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಯ ವಿರೋಧ ಪಕ್ಷದ ಸಾಲಿನಲ್ಲಿ ಕೂತರು. ಪುಸ್ತಕಗಳಲ್ಲಿ ಇದನ್ನೆಲ್ಲ 'ಒಡೆಯರ ವಿರುದ್ಧ ಹೋರಾಟ' ಅಂತ ಓದಿದ್ದೇವೆ. ಆದರೆ ನನ್ನಜ್ಜ ಹೇಳ್ತಿದ್ದಿದ್ದು "ಒಡೇರ ಎದ್ರು ನಿಂತ್ರು" ಅಂತ. ಅದುವರೆಗೆ ತಲೆ ಬಗ್ಗಿಸಿ ಅಂಗಳದ ಮೂಲೇಲಿ ನಿಲ್ಲೋರು ಮುಖಕ್ಕೆ ಮುಖ ಕೊಟ್ಟು ನಿಂತದ್ದೇ ದೊಡ್ಡದು. ಅದರ ಮುಂದೆ 'ವಿರುದ್ಧ' ಸಪ್ಪೆ ಅನ್ಸುತ್ತೆ.

ಈ 'ಎದುರು' ಇದೆಯಲ್ಲ, ನನಗೆ ಬಹಳ ಇಷ್ಟದ ಪದ. ಎದುರು ಮನೆ, ಎದುರಾಳಿ, ಎದುರುತ್ತರ. ಅಷ್ಟೇ ಅಲ್ಲ, ಅಕ್ಕನ ಮದುವೆಗೆ ತೀರ್ಥಹಳ್ಳಿ ಕಡೆಯಿಂದ ದಿಬ್ಬಣ ಬಂದಾಗ ವಾಲಗದ ಸಮೇತ ದಣಪೆವರೆಗೂ ಹೋಗಿ ಕಾಲಿಗೆ ನೀರು ಕೊಟ್ಟು ಕರ್ಕೊಂಡು ಬಂದೆವಲ್ಲ, ಅದೂ 'ಎದುರುಗೊಳ್ಳೋದು'! ಜಗಳಕ್ಕೆ ನಿಲ್ಲೋನೂ ಎದುರು, ಸ್ವಾಗತಕ್ಕೆ ನಿಲ್ಲೋನೂ ಎದುರು. ಕುತೂಹಲಕ್ಕೆ ನಿಘಂಟು ನೋಡಿದೆ. ಅಗೇನ್ಸ್ಟ್‌ಗೆ ಮೂಲವಾದ ಹಳೇ ಇಂಗ್ಲಿಷ್ ಪದಕ್ಕೂ 'ಕಡೆಗೆ', 'ಭೇಟಿಯಾಗಲು' ಅನ್ನೋ ಅರ್ಥಗಳು ಇದ್ದುವಂತೆ. ಅವರು ಮರೆತರು, ನಾವು ಇನ್ನೂ ಇಟ್ಟುಕೊಂಡಿದ್ದೀವಿ.

ಇಟ್ಟುಕೊಂಡಿದ್ದೀವಾ? ಹೋದ ವರ್ಷದ ಒಂದು ಮಾತು ಹೇಳ್ತೀನಿ.

ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. ನಮ್ಮದೊಂದೇ ಅಲ್ಲ, ಈಚಿನ ವರ್ಷಗಳಲ್ಲಿ ಮಲೆನಾಡಿನ ಎಷ್ಟೋ ತೋಟಗಳ ಕಥೆ ಇದು. ಸೋಗೆ ಸುಟ್ಟ ಹಾಗಾಗ್ತಿದೆ. ಅಪ್ಪಯ್ಯನಿಗೆ ಎಪ್ಪತ್ತೆಂಟು. "ತೋಟ ಮಾರಿ ಬೆಂಗಳೂರಿಗೆ ಬನ್ನಿ, ಯಾರಿಗೋಸ್ಕರ ಈ ಕಷ್ಟ" ಅಂತ ಫೋನಲ್ಲಿ ಸ್ವಲ್ಪ ಗಟ್ಟಿಯಾಗೇ ಹೇಳಿದೆ. ಆ ಕಡೆ ಒಂದು ನಿಮಿಷ ಸದ್ದಿಲ್ಲ. ಆಮೇಲೆ "ನಂಗೆ ಎದ್ರು ಹೇಳೋವಷ್ಟು ದೊಡ್ಡೋನಾದೆ, ಸಂತೋಷ" ಅಂದು ಫೋನ್ ಇಟ್ಟರು. ಎರಡು ತಿಂಗಳು ಮಾತಿಲ್ಲ. ಅಮ್ಮನ ಮೂಲಕವೇ ಎಲ್ಲಾ ಸುದ್ದಿ.

ಜುಲೈನಲ್ಲಿ ತಡೆಯಲಾಗದೆ ಹೊರಟೆ. ಅಮ್ಮನಿಗೆ ಮಾತ್ರ ಹೇಳಿದ್ದೆ. ಬಸ್ಸು ಕೆಟ್ಟು, ಊರಿನ ಕ್ರಾಸಿನಲ್ಲಿ ಇಳಿದಾಗ ರಾತ್ರಿ ಒಂಬತ್ತು. ಕರೆಂಟಿಲ್ಲ, ಜಡಿಮಳೆ. ಅಲ್ಲಿಂದ ಮನೆಗೆ ಮುಕ್ಕಾಲು ಮೈಲಿ. ಮೊಬೈಲಿನ ಬೆಳಕಲ್ಲಿ ಹತ್ತು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಎದುರಿಂದ ಒಂದು ಟಾರ್ಚು ಅಲ್ಲಾಡ್ತಾ ಬಂತು. ಕಂಬಳಿ ಕೊಪ್ಪೆ, ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ, ಕಂಕುಳಲ್ಲಿ ಬಿಡಿಸದ ಇನ್ನೊಂದು ಛತ್ರಿ.

"ಅಪ್ಪಯ್ಯ, ನೀವ್ಯಾಕೆ ಬರಕ್ಕೆ ಹೋದ್ರಿ ಈ ಮಳೇಲಿ?"

"ಹಳ್ಳದ ಸಂಕ ಜಾರ್ತದೆ. ಅದ್ಕೇ ಎದ್ರಿಗೆ ಬಂದೆ. ನಡಿ."

ಛತ್ರಿ ಕೈಗೆ ಕೊಟ್ಟು ತಿರುಗಿ ಮುಂದೆ ನಡೆದರು. ತೋಟದ ಮಾತು ಅವತ್ತೂ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ತೋಟ ಇನ್ನೂ ಮಾರಿಲ್ಲ. ನಾನೂ ಅಭಿಪ್ರಾಯ ಬದಲಿಸಿಲ್ಲ, ಅವರೂ ಬದಲಿಸಿಲ್ಲ. ಆದರೆ ಈಗ ಭಾನುವಾರ ಭಾನುವಾರ ಫೋನು ಅವರೇ ಮಾಡ್ತಾರೆ.

ಇದನ್ನೆಲ್ಲ ಮಗಳಿಗೆ ಹೇಳಲಿಲ್ಲ ಬಿಡಿ. 'ಲೀನಿಂಗ್ ಅಗೇನ್ಸ್ಟ್ ದಿ ವಾಲ್' ಮುಂದೆ 'ಗೋಡೆಗೆ ಒರಗಿ' ಅಂತ ಬರೆಸಿದೆ. ಅವಳು ಬರೆದು, ಪೆನ್ಸಿಲ್ ಕಚ್ಚುತ್ತಾ ಕೇಳಿದಳು, "ಹಾಗಾದ್ರೆ ವಿರುದ್ಧ ಅಂತ ಯಾವ್ದಕ್ಕೆ ಬರೀಲಿ?"

ಹತ್ತರಲ್ಲಿ ಎರಡಕ್ಕೋ ಮೂರಕ್ಕೋ ಬರೆದಳು ಅಷ್ಟೇ.